ದೊಡ್ಡಪ್ಪ, ಆಪರೇಷನ್‌ಗೆ ಅವಸರ ಬೇಡ

ದೊಡ್ಡಪ್ಪ, ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಕೇಳಿ. ತಂಗಿಗೆ ಹುಟ್ಟಿದ ಮಗುವಿನ ಅಂಗ ನೋಡಿ ಗಂಡೋ ಹೆಣ್ಣೋ ಅಂತ ಡಾಕ್ಟರಿಗೆ ಇನ್ನೂ ಹೇಳಲು ಆಗಿಲ್ಲ. ಅದಕ್ಕೆ ನೀವು ಮನೆಯವರ ಗ್ರೂಪಿನಲ್ಲಿ, ‘ನಾಮಕರಣದೊಳಗೆ ಆಪರೇಷನ್ ಮಾಡಿಸಿ ಗಂಡೋ ಹೆಣ್ಣೋ ಏನಾದರೂ ಒಂದು ಮಾಡಿಬಿಡಿ, ಬೆಳೆಸಿದ ಹಾಗೆ ಬೆಳೆಯುತ್ತದೆ’ ಅಂತ ಬರೆದಿದ್ದೀರಿ. ನಿಮ್ಮ ಸಂಕಟ ಗೊತ್ತಾಗುತ್ತದೆ. ಆದರೆ ಕೋಲಾರದಲ್ಲಿ 20 ವರ್ಷ ಬಾಣಂತಿ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು, ಸುಮ್ನೆ ಇರಲಾರೆ.

ಮೊದಲು ಮಗುವಿನ ಜೀವ. ಕಿಡ್ನಿಯ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿ ಇರುತ್ತದೆ. ಕೆಲವು ಮಕ್ಕಳಲ್ಲಿ ಅದಕ್ಕೆ ಬೇಕಾದ ಒಂದು ಕಿಣ್ವ ಇರುವುದಿಲ್ಲ. ಆಗ ಹೊಟ್ಟೆಯಲ್ಲಿದ್ದಾಗಲೇ ಗಂಡು ಹಾರ್ಮೋನ್ ಜಾಸ್ತಿಯಾಗುತ್ತದೆ. ಒಳಗೆ ಗರ್ಭಕೋಶ, ಅಂಡಾಶಯ ಎಲ್ಲ ಸರಿಯಾಗಿರುವ ಹೆಣ್ಣುಮಗು ಹೊರಗೆ ಗಂಡಿನ ಹಾಗೆ ಕಾಣುತ್ತದೆ. ಈ ಕಾಯಿಲೆಗೆ ಸಿಎಎಚ್ ಅನ್ನುತ್ತಾರೆ. ನಮ್ಮ ಮಗುವಿಗೂ ಡಾಕ್ಟರಿಗೆ ಅದೇ ಅನುಮಾನ. ಇದರಲ್ಲಿ ಎಷ್ಟೋ ಮಕ್ಕಳಿಗೆ ಮೈಯಲ್ಲಿ ಉಪ್ಪು ನಿಲ್ಲುವುದಿಲ್ಲ. ಮೊದಲ ಎರಡು ವಾರದಲ್ಲೇ ವಾಂತಿ ಶುರುವಾಗಿ ಜೀವಕ್ಕೇ ಬರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಹೀಗೇ ಒಂದು ಮಗುವನ್ನು ಗಂಡು ಅಂತ ಬರೆದು ಮನೆಗೆ ಕಳಿಸಿದ್ದರು. ಹನ್ನೆರಡನೇ ದಿನ ವಾಪಸ್ ತಂದರು. ಉಳಿಯಲಿಲ್ಲ. ಆ ತಾಯಿ ಬರೀ ಬಟ್ಟೆ ಮಡಿಸಿಕೊಂಡು ಹೋಗಿದ್ದು ಇನ್ನೂ ಕಣ್ಣಲ್ಲಿದೆ. ಸರಿಯಾದ ಮಾತ್ರೆ, ಸ್ವಲ್ಪ ಉಪ್ಪು ಸಿಕ್ಕರೆ ಈ ಮಕ್ಕಳು ಚೆನ್ನಾಗಿ ಬಾಳುತ್ತಾರೆ.

ಅಜ್ಜಿ, ನೀವೂ ತಂಗಿ ಗ್ರಹಣದಲ್ಲಿ ಹೊರಗೆ ಬಂದಳು, ಅದಕ್ಕೇ ಹೀಗಾಯಿತು ಅನ್ನಬೇಡಿ. ಸಿಎಎಚ್ ಆದರೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಕೆಟ್ಟ ಜೀನ್ ಸೇರಬೇಕು. ಅವಳನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದವರು ನಾವೇ ಅಲ್ವಾ? ಒಂದೇ ರಕ್ತದಲ್ಲಿ ಹಾಗೆ ಸೇರುವ ಸಾಧ್ಯತೆ ಜಾಸ್ತಿ.

ಗಂಡು ಹೆಣ್ಣು ಹೇಗೆ ಆಗುತ್ತದೆ ಅಂತಲೂ ಕೇಳಿ. ಹೊಟ್ಟೆಯಲ್ಲಿ ಆರೇಳು ವಾರದ ತನಕ ಎಲ್ಲ ಭ್ರೂಣವೂ ನೋಡಲು ಒಂದೇ. ಸಾಮಾನ್ಯವಾಗಿ ಗಂಡಿನಲ್ಲಿರುವ ವೈ ಕ್ರೋಮೋಸೋಮಿನ ಎಸ್‌ಆರ್‌ವೈ ಅನ್ನುವ ಜೀನ್ ಕೆಲಸ ಶುರು ಮಾಡಿದರೆ ವೃಷಣ ಆಗುತ್ತದೆ. ಆಮೇಲೆ ಹಾರ್ಮೋನ್‌ನದ್ದೇ ಕೆಲಸ. ಒಂದೇ ಮೊಗ್ಗು ಎರಡು ದಾರಿ ಹಿಡಿಯುತ್ತದೆ, ಕೆಲವೊಮ್ಮೆ ನಡುವೆ ನಿಲ್ಲುತ್ತದೆ.

ಇನ್ನು ಬೆಳೆಸಿದ ಹಾಗೆ ಬೆಳೆಯುತ್ತದೆ ಅಂದಿರಲ್ಲ. ಕೆನಡಾದಲ್ಲಿ 1965ರಲ್ಲಿ ಹುಟ್ಟಿದ ಡೇವಿಡ್ ರೀಮರ್ ಪೂರ್ತಿ ಗಂಡುಮಗು. ಸುನ್ನತಿ ಮಾಡುವಾಗ ಅಂಗ ಸುಟ್ಟುಹೋಯಿತು. ಜಾನ್ ಮನಿ ಅನ್ನುವ ಮನಶ್ಶಾಸ್ತ್ರಜ್ಞ ಹೇಳಿದರು ಅಂತ ಎರಡು ವರ್ಷ ತುಂಬುವ ಮೊದಲೇ ಆಪರೇಷನ್ ಮಾಡಿಸಿ, ಹೆಣ್ಣು ಹೆಸರಿಟ್ಟು, ಫ್ರಾಕ್ ಹಾಕಿ ಬೆಳೆಸಿದರು. ಮನಿ ಅದನ್ನು ಗೆದ್ದ ಕೇಸ್ ಅಂತಲೇ ಬರೆದರು. ಮಗು ಮಾತ್ರ ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. 14ರಲ್ಲಿ ಅಪ್ಪ ನಿಜ ಹೇಳಿದ ಮೇಲೆ ಗಂಡಾಗಿಯೇ ಬದುಕಲು ಶುರು ಮಾಡಿದ. 2004ರಲ್ಲಿ, 38ನೇ ವಯಸ್ಸಿಗೆ, ತಾನೇ ಪ್ರಾಣ ತೆಗೆದುಕೊಂಡ. ನಮ್ಮ ಮಗುವಿನ ವಿಷಯ ಬೇರೆ, ಒಪ್ಪುತ್ತೇನೆ. ಆದರೆ ನಾನು ಯಾರು ಅನ್ನುವುದು ಒಳಗಿನಿಂದಲೂ ಬರುತ್ತದೆ, ಬಟ್ಟೆ ಹೆಸರಿನಿಂದ ಮಾತ್ರ ಅಲ್ಲ. ಕತ್ತರಿಸಿದ್ದನ್ನು ಮತ್ತೆ ತರುವುದಕ್ಕೆ ಆಗಲ್ಲ ದೊಡ್ಡಪ್ಪ.

2019ರಲ್ಲಿ ಮದ್ರಾಸ್ ಹೈಕೋರ್ಟ್ ಇದನ್ನೇ ಹೇಳಿತು. ಜೀವಕ್ಕೆ ಅಪಾಯ ಇಲ್ಲದಿದ್ದರೆ ಇಂಥ ಕೂಸುಗಳಿಗೆ ಆಪರೇಷನ್ ಬೇಡ ಅಂತ ತಮಿಳುನಾಡು ಸರ್ಕಾರ ಆದೇಶವನ್ನೂ ಹೊರಡಿಸಿತು.

ರಕ್ತ ಟೆಸ್ಟಿಗೆ ಹೋಗಿದೆ. ಉಪ್ಪಿನ ಅಂಶವನ್ನು ವಾರ್ಡಿನಲ್ಲಿ ದಿನಾ ನೋಡುತ್ತಿದ್ದಾರೆ. ರಿಪೋರ್ಟ್ ಬರುವ ತನಕ ನಾಮಕರಣ ಮುಂದೆ ಹೋಗಲಿ, ಪಾಪು ಅಂತಲೇ ಕರೆಯೋಣ. ಈ ಮಾತು ಬೇರೆ ಗ್ರೂಪಿಗೆ ಕಳಿಸಬೇಡಿ. ನಾಳೆ ಬೆಳಿಗ್ಗೆ ಐದೂವರೆಗೆ ಬೆಂಗಳೂರಿನ ಹಾರ್ಮೋನ್ ಡಾಕ್ಟರ್ ಹತ್ತಿರ ಹೊರಡುತ್ತೇವೆ. ಕಾರಿನಲ್ಲಿ ಜಾಗ ಇದೆ, ನೀವೂ ಬನ್ನಿ. ಎರಡು ದಿನದಿಂದ ತಂಗಿ ಊಟ ಮಾಡಿಲ್ಲ. ನೀವು ಹೇಳಿದರೆ ಮಾಡುತ್ತಾಳೆ.