ಹನ್ನೆರಡು ದಿನಗಳಲ್ಲಿ ನಾಲ್ಕು ದೇಶ: ಅಂಕೋರ್ ಮತ್ತು ಮೆಕಾಂಗ್ ಪ್ಯಾಕೇಜ್ ಪ್ರವಾಸ ಒಪ್ಪಿಕೊಳ್ಳಬಹುದೇ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬರುವ ಚಳಿಗಾಲದಲ್ಲಿ ನಾನು, ನನ್ನ ಹೆಂಡತಿ ಹಾಗೂ ಅರವತ್ತೆಂಟು ದಾಟಿದ ನನ್ನ ಅಕ್ಕ ಆಗ್ನೇಯ ಏಷ್ಯಾದ ದೇವಾಲಯಗಳನ್ನು ನೋಡಿಬರಬೇಕೆಂದಿದ್ದೇವೆ. ಬೆಂಗಳೂರಿನ ಪ್ರವಾಸ ಸಂಸ್ಥೆಯೊಂದು ಗೈಡ್ ಸಹಿತ ಹನ್ನೆರಡು ದಿನಗಳ ಕಾರ್ಯಕ್ರಮವನ್ನು ಕಳುಹಿಸಿದೆ. ಮೊದಲು ಬ್ಯಾಂಕಾಕ್ ಮತ್ತು ಅಯುತ್ಥಯ, ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿ ಕಾಂಬೋಡಿಯಾದ ಸಿಯೆಮ್ ರೀಪ್, ಆಮೇಲೆ ನಾಮ್ ಪೆನ್, ವಿಯೆಟ್ನಾಂನ ಹೋ ಚಿ ಮಿನ್ ನಗರ ಮತ್ತು ಮೆಕಾಂಗ್ ನದಿಯ ಮುಖಜಭೂಮಿ, ಕೊನೆಗೆ ಲಾವೋಸಿನ ಲುವಾಂಗ್ ಪ್ರಬಾಂಗ್. ಓದುವಾಗ ಬಾಯಲ್ಲಿ ನೀರೂರುತ್ತದೆ. ಆದರೆ ಸಿಯೆಮ್ ರೀಪ್ ಬಳಿಯ ದೇವಾಲಯ ಸಮೂಹವಾದ ಅಂಕೋರ್‌ಗೆ ಕೊಟ್ಟಿರುವುದು ಒಂದೇ ಒಂದು ದಿನ. ಬೆಳಿಗ್ಗೆ ಅಂಕೋರ್ ವಾಟ್, ಮಧ್ಯಾಹ್ನ ಬಯಾನ್ ಮತ್ತು ತಾ ಪ್ರೋಮ್, ಸಂಜೆ ಮಾರುಕಟ್ಟೆ. ಬೇಲೂರಿಗೆ ಹೋದರೆ ಹೊರಗೋಡೆಯನ್ನು ಸುತ್ತಿ ಮುಗಿಸುವುದಕ್ಕೇ ಅರ್ಧ ದಿನ ತೆಗೆದುಕೊಳ್ಳುವ ಜನ ನಾವು.

ಅಕ್ಕನಿಗೆ ಮಂಡಿ ನೋವು. ಈರುಳ್ಳಿ, ಬೆಳ್ಳುಳ್ಳಿಯನ್ನೂ ಅವರು ಮುಟ್ಟುವುದಿಲ್ಲ. ಇಂಥ ಪ್ರವಾಸಕ್ಕೆ ಗುಂಪಿನೊಡನೆ ಹೋಗುವುದು ಸರಿಯೇ, ಅಥವಾ ದೇಶಗಳನ್ನು ಕಡಿಮೆ ಮಾಡಿ ನಾವೇ ವ್ಯವಸ್ಥೆ ಮಾಡಿಕೊಳ್ಳುವುದು ಮೇಲೇ? ಪಟ್ಟಿಯಲ್ಲಿರುವ ತೇಲುವ ಮಾರುಕಟ್ಟೆಗಳು ಅಷ್ಟು ದೂರದ ಪಯಣಕ್ಕೆ ತಕ್ಕವೇ? ಹೋಗಿಬಂದವರು ದಯವಿಟ್ಟು ತಿಳಿಸಬೇಕು.

ಉತ್ತರ: ಜಂಬಿಟ್ಟಿಗೆ

ತುಂಗಾತೀರ ಅವರೇ, ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಪ್ರವಾಸ ಸಂಸ್ಥೆಯವರನ್ನು ಎಷ್ಟು ಸ್ಥಳ ತೋರಿಸುತ್ತೀರಿ ಎಂದು ಕೇಳಬೇಡಿ. ಪ್ರತಿಯೊಂದು ಸ್ಥಳದಲ್ಲಿ ಎಷ್ಟು ಗಂಟೆ, ಅದೂ ದಿನದ ಯಾವ ಹೊತ್ತಿನಲ್ಲಿ, ಎಂದು ಬರೆದುಕೊಡಲು ಹೇಳಿ. ಉತ್ತರ ಬಂದ ಮೇಲೆ ಪಟ್ಟಿಯ ಅರ್ಧ ತಾನಾಗಿಯೇ ಉದುರಿಹೋಗುತ್ತದೆ.

ಅಂಕೋರ್ ವಾಟ್ ಪಶ್ಚಿಮಾಭಿಮುಖವಾದ ದೇವಾಲಯ. ಆದ್ದರಿಂದ ಎಲ್ಲರೂ ನಸುಕಿನಲ್ಲಿ ಕೊಳದ ಬಳಿ ಮೊಬೈಲ್ ಹಿಡಿದು ನಿಂತಾಗ ಕಾಣುವುದು ಗೋಪುರಗಳ ಕಪ್ಪು ಆಕೃತಿ ಮಾತ್ರ. ಸೂರ್ಯೋದಯದ ಚಿತ್ರ ಸಿಕ್ಕೊಡನೆ ಬಸ್ಸುಗಳು ತಿಂಡಿಗೆ ಹೊರಟುಬಿಡುತ್ತವೆ. ಒಳಗೆ ಹೋಗಬೇಕಾದ ಹೊತ್ತು ಅದೇ. ಪೂರ್ವದ ಮೊಗಸಾಲೆಯ ದಕ್ಷಿಣ ಭಾಗದಲ್ಲಿರುವ ಸಮುದ್ರಮಥನದ ಉಬ್ಬುಶಿಲ್ಪ ಸುಮಾರು 49 ಮೀಟರ್ ಉದ್ದವಿದೆ. ವಾಸುಕಿಯನ್ನು ಹಿಡಿದ ಅಸುರರ ಸಾಲು ಒಂದು ಕಡೆ, ದೇವತೆಗಳ ಸಾಲು ಇನ್ನೊಂದು ಕಡೆ. ನಡುವೆ ಕೂರ್ಮದ ಮೇಲೆ ನಿಂತ ಮಂದರ, ಅದರ ಮುಂದೆ ವಿಷ್ಣು. ಕಣ್ಣನ್ನು ಕೆಳಗಿನ ಪಟ್ಟಿಕೆಗೆ ಇಳಿಸಿ ನೋಡಿ. ದಡದ ಕಡೆ ಮೀನು, ಮೊಸಳೆಗಳು ಇಡಿಯಾಗಿ ಈಜುತ್ತಿವೆ. ಕಡೆಗೋಲಿನ ಹತ್ತಿರ ಬರುತ್ತಿದ್ದಂತೆ ಸುಳಿಯ ರಭಸಕ್ಕೆ ಸಿಕ್ಕಿ ತುಂಡುತುಂಡಾಗಿವೆ. ಗೈಡ್ ಅವಸರದಲ್ಲಿದ್ದರೆ ಇದನ್ನು ತೋರಿಸುವುದೇ ಇಲ್ಲ.

ಪಶ್ಚಿಮದ ಮೊಗಸಾಲೆಗೆ ಮಧ್ಯಾಹ್ನದ ಮೇಲೆ ಬೆಳಕು ಬೀಳುತ್ತದೆ. ಅಲ್ಲಿ ಒಂದು ಕಡೆ ಕುರುಕ್ಷೇತ್ರ, ಇನ್ನೊಂದು ಕಡೆ ಲಂಕೆಯ ಯುದ್ಧ. ಬಾಣಗಳಿಂದ ಜರ್ಜರಿತನಾಗಿ ಮಲಗಿದ ಭೀಷ್ಮನನ್ನು ಗುರುತಿಸಲು ನಮಗೆ ಯಾರ ಸಹಾಯವೂ ಬೇಕಿಲ್ಲ. ಇದನ್ನು ಕಟ್ಟಿಸಲು ಆರಂಭಿಸಿದ ಎರಡನೆಯ ಸೂರ್ಯವರ್ಮ ಪಟ್ಟಕ್ಕೆ ಬಂದದ್ದು 1113ರಲ್ಲಿ. ಬೇಲೂರಿನ ಚೆನ್ನಕೇಶವ ಪ್ರತಿಷ್ಠೆಯಾದದ್ದು 1117ರಲ್ಲಿ. ವಿಷ್ಣುವರ್ಧನನೂ ಅವನೂ ಸಮಕಾಲೀನರು, ಇಬ್ಬರೂ ವಿಷ್ಣುವಿಗೇ ಕಟ್ಟಿಸಿದವರು. ಆದರೆ ಅಲ್ಲಿನದು ನಮ್ಮ ಬಳಪದ ಕಲ್ಲಲ್ಲ. ಕುಲೇನ್ ಬೆಟ್ಟದ ತಪ್ಪಲಿನಿಂದ ತಂದ ಮರಳುಗಲ್ಲಿನಲ್ಲಿ ಕೆತ್ತನೆಯನ್ನು ಮಾಡಿ, ಒಳಗಿನ ತುಂಬುಗೋಡೆಗೆ ಮತ್ತು ಪ್ರಾಕಾರಕ್ಕೆ ಜಂಬಿಟ್ಟಿಗೆಯನ್ನು, ಅಂದರೆ ಮುರಕಲ್ಲನ್ನು, ಬಳಸಿದ್ದಾರೆ. ಕರಾವಳಿಯವರಿಗೆ ಆ ಗೋಡೆಗಳನ್ನು ಕಂಡರೆ ಊರಿನ ನೆನಪಾಗದೇ ಇರದು. (ನನ್ನ ಹೆಸರಿಗೆ ಕಾರಣವೂ ಇದೇ.)

ಒಂದು ದಿನದ ಪಾಸಿಗೆ 37 ಡಾಲರ್, ಮೂರು ದಿನದ್ದಕ್ಕೆ 62 ಡಾಲರ್. ಮೂರು ದಿನದ್ದನ್ನು ಹತ್ತು ದಿನಗಳೊಳಗೆ ಬೇಕಾದ ದಿನಗಳಲ್ಲಿ ಬಳಸಬಹುದಾದ್ದರಿಂದ, ಮಂಡಿ ನೋವಿನವರು ನಡುವೆ ಒಂದು ದಿನ ವಿಶ್ರಾಂತಿ ಪಡೆಯಲು ಅಡ್ಡಿಯಿಲ್ಲ. ಆ ಹೆಚ್ಚುವರಿ ದಿನಗಳಲ್ಲಿ ಒಂದನ್ನು ಬಾಂತೆಯ್ ಸ್ರೇಗೆ ಮೀಸಲಿಡಿ. ಕ್ರಿ.ಶ. 967ರಲ್ಲಿ ಪ್ರತಿಷ್ಠೆಗೊಂಡ ಈ ಶಿವಾಲಯ ಬಹಳ ಪುಟ್ಟದು, ನಸುಗೆಂಪು ಕಲ್ಲಿನದು. ಬಾಗಿಲುಗಳ ಮೇಲಿನ ತ್ರಿಕೋನಗಳಲ್ಲಿ ಕೈಲಾಸವನ್ನು ಅಲುಗಿಸುವ ರಾವಣನಿದ್ದಾನೆ, ಖಾಂಡವವನ ದಹನವಿದೆ. ಇಂದ್ರ ಸುರಿಸುವ ಮಳೆಯನ್ನು ಓರೆಗೆರೆಗಳಲ್ಲಿ ಕೊರೆದಿದ್ದಾರೆ. ಹಳೇಬೀಡಿನ ಕೈಲಾಸೋದ್ಧರಣವನ್ನು ನೋಡಿದವರು ಇಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಮೆಟ್ಟಿಲ ಕಾಟವೂ ಇಲ್ಲಿ ಇಲ್ಲವೆಂದೇ ಹೇಳಬೇಕು, ನಿಮ್ಮ ಅಕ್ಕನವರಿಗೆ ಇದೇ ಎಲ್ಲಕ್ಕಿಂತ ಸುಲಭ. ಇದು ನಿಮ್ಮ ಪಟ್ಟಿಯಲ್ಲಿ ಇಲ್ಲದಿರುವುದು ನನಗೆ ಆಶ್ಚರ್ಯ ತಂದಿತು.

ಅಯುತ್ಥಯದ ವಿಷಯಕ್ಕೆ ಬಂದರೆ, 1767ರಲ್ಲಿ ಬರ್ಮಾದ ಸೇನೆಗೆ ಸೋತು ಹಾಳಾದ ರಾಜಧಾನಿ ಅದು. ಹಂಪಿಯನ್ನು ಕಂಡವರಿಗೆ ಅರ್ಧ ದಿನ ಸಾಕು.

ಉತ್ತರ: ದೋಣಿಗಟ್ಟೆ

ದೇವಾಲಯಗಳ ಬಗ್ಗೆ ಜಂಬಿಟ್ಟಿಗೆ ಅವರು ಬರೆದುದಕ್ಕೆ ನಾನು ಸೇರಿಸಬೇಕಾದದ್ದು ಏನೂ ಇಲ್ಲ. ನೀರಿನ ಬಗ್ಗೆ ಬರೆಯುತ್ತೇನೆ, ಏಕೆಂದರೆ ಆ ಪ್ರದೇಶದಲ್ಲಿ ಯಾವ ತಿಂಗಳು ಹೋಗಬೇಕೆಂಬುದನ್ನು ತೀರ್ಮಾನಿಸುವುದು ನೀರೇ.

ಸಿಯೆಮ್ ರೀಪ್‌ನ ದಕ್ಷಿಣಕ್ಕಿರುವ ತೊನ್ಲೆ ಸಾಪ್ ಸರೋವರಕ್ಕೂ ಮೆಕಾಂಗ್‌ಗೂ ಅದೇ ಹೆಸರಿನ ನದಿಯೊಂದು ಕೊಂಡಿಯಾಗಿದೆ. ಮಳೆಗಾಲದಲ್ಲಿ ಮೆಕಾಂಗ್ ಉಕ್ಕಿದಾಗ ಆ ಕೊಂಡಿನದಿ ಹಿಮ್ಮುಖವಾಗಿ ಹರಿದು ಸರೋವರವನ್ನು ತುಂಬುತ್ತದೆ. ಬೇಸಗೆಯಲ್ಲಿ ಸುಮಾರು 2,500 ಚದರ ಕಿಲೋಮೀಟರ್ ಇರುವ ನೀರಿನ ಹರವು ಹೆಚ್ಚು ಮಳೆಯಾದ ವರ್ಷ 15,000 ಚದರ ಕಿಲೋಮೀಟರ್‌ವರೆಗೂ ಹಬ್ಬುತ್ತದೆ. ಮಳೆ ನಿಂತ ಮೇಲೆ ಹರಿವು ಮತ್ತೆ ಸಮುದ್ರದ ಕಡೆಗೆ ತಿರುಗುತ್ತದೆ. ಕಾಂಬೋಡಿಯಾದವರು ನೀರಿನ ಹಬ್ಬ ಆಚರಿಸುವುದು ಆಗಲೇ, ಸಾಮಾನ್ಯವಾಗಿ ನಮ್ಮ ಕಾರ್ತಿಕ ಹುಣ್ಣಿಮೆಯ ಹೊತ್ತಿಗೆ. ನಾಮ್ ಪೆನ್‌ನ ಅರಮನೆಯ ಮುಂದೆ ಉದ್ದನೆಯ ದೋಣಿಗಳ ಪಂದ್ಯ ನಡೆಯುತ್ತದೆ. ನವೆಂಬರ್‌ನಿಂದ ಡಿಸೆಂಬರ್ ನಡುವೆ ಹೋದರೆ ಸರೋವರದ ದಡದ ಕಂಪಾಂಗ್ ಪ್ಲುಕ್ ಊರಿನ ಮನೆಗಳ ಕಂಬಗಳ ನಡುವೆ, ಅರ್ಧ ಮುಳುಗಿದ ಮರಗಳ ನಡುವೆ, ದೋಣಿಯಲ್ಲಿ ಸುತ್ತಬಹುದು. ಮಾರ್ಚ್‌ನಲ್ಲಿ ಹೋದವರಿಗೆ ಒಣಗಿದ ಕೆಸರಿನ ಮೇಲೆ ಬೆತ್ತಲೆ ನಿಂತ ಎತ್ತರದ ಕಂಬಗಳು ಮಾತ್ರ ಕಾಣುತ್ತವೆ. ಅದೂ ಒಂದು ನೋಟವೇ, ಆದರೆ ಪ್ಯಾಕೇಜಿನ ಫೋಟೋದಲ್ಲಿ ತೋರಿಸಿದ್ದು ಅದಲ್ಲ. ಈ ಬಗೆಯ ಊರುಗಳಲ್ಲಿ ಕೆಲವು ದೋಣಿಯವರು ಶಾಲೆಯ ಮಕ್ಕಳಿಗೆಂದು ದುಬಾರಿ ಬೆಲೆಗೆ ಅಕ್ಕಿಮೂಟೆ ಕೊಳ್ಳಿಸುವುದುಂಟು. ಕೊಡುವ ಮನಸ್ಸಿದ್ದರೆ ಬೇರೆ ದಾರಿ ಹುಡುಕಿಕೊಳ್ಳಿ.

ತೇಲುವ ಮಾರುಕಟ್ಟೆಗಳ ಬಗ್ಗೆ ನಿಷ್ಠುರವಾಗಿಯೇ ಹೇಳಬೇಕಾಗುತ್ತದೆ. ಬ್ಯಾಂಕಾಕ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ದಮ್ನೊಯೆನ್ ಸದುವಾಕ್‌ನ ಕಾಲುವೆ ಥಾಯ್ ದೊರೆ ನಾಲ್ಕನೆಯ ರಾಮನ ಕಾಲದಲ್ಲಿ ತೋಡಿದ್ದು, ನಿಜವಾದ ಇತಿಹಾಸವುಳ್ಳದ್ದು. ಈಗ ಅಲ್ಲಿ ಮಾರುವವರು ಇರುವುದು ಪ್ರವಾಸಿಗರಿಗಾಗಿಯೇ, ಕೊಳ್ಳುವವರೂ ಅವರೇ. ವಾರಾಂತ್ಯವಾದರೆ ಅದಕ್ಕಿಂತ ಅಂಪಾವಾದ ಸಂಜೆಯ ಮಾರುಕಟ್ಟೆ ಮೇಲು, ಏಕೆಂದರೆ ಅಲ್ಲಿ ಥಾಯ್ ಕುಟುಂಬಗಳೂ ಊಟಕ್ಕೆ ಬರುತ್ತವೆ. ವಿಯೆಟ್ನಾಂನ ಕಾನ್ ತೋ ಬಳಿಯ ಕಾಯ್ ರಾಂಗ್ ಬೇರೆ ಬಗೆಯದು. ಅದು ಸಗಟು ಸಂತೆ. ಯಾವ ದೋಣಿಯಲ್ಲಿ ಏನು ಮಾರಾಟಕ್ಕಿದೆ ಎಂಬುದಕ್ಕೆ ಬೋರ್ಡು ಇರುವುದಿಲ್ಲ. ಎತ್ತರದ ಬಿದಿರಿನ ಗಳವೊಂದರ ತುದಿಗೆ ಅನಾನಸ್ ಕಟ್ಟಿದ್ದರೆ ಅನಾನಸ್, ಕುಂಬಳಕಾಯಿ ಕಟ್ಟಿದ್ದರೆ ಕುಂಬಳಕಾಯಿ. ರಸ್ತೆ, ಸೇತುವೆಗಳು ಬಂದಂತೆಲ್ಲ ದೋಣಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಉಳಿದಷ್ಟನ್ನು ನೋಡಬೇಕಾದರೆ ಬೆಳಗಿನ ಆರು ಗಂಟೆಗೆ ನೀರಿನ ಮೇಲಿರಬೇಕು, ಅಂದರೆ ಹಿಂದಿನ ರಾತ್ರಿ ಕಾನ್ ತೋನಲ್ಲಿಯೇ ತಂಗಬೇಕು. ಹೋ ಚಿ ಮಿನ್ ನಗರದಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳುವ ಏರ್ಪಾಟಾದರೆ ನಿಮಗೆ ಸಿಗುವುದು ತೆಂಗಿನ ಮಿಠಾಯಿಯ ಅಂಗಡಿಯಷ್ಟೇ. ನಿಮ್ಮ ಪಟ್ಟಿಯಲ್ಲಿ ಆ ರಾತ್ರಿಯ ವಸತಿ ಎಲ್ಲಿದೆ ಎಂದು ನೋಡಿ.

ಲುವಾಂಗ್ ಪ್ರಬಾಂಗ್ ಅನ್ನು ನಾನಾದರೆ ಈ ಪ್ರವಾಸದಿಂದ ಕೈಬಿಡುತ್ತೇನೆ. ಊರು ಚೆನ್ನಾಗಿಲ್ಲವೆಂದಲ್ಲ; ಮೆಕಾಂಗ್ ಮತ್ತು ನಾಮ್ ಖಾನ್ ಸಂಗಮದಲ್ಲಿರುವ ಆ ಊರು ನಿಧಾನವಾಗಿ ನೋಡಬೇಕಾದದ್ದು. ಥಾಯ್ಲೆಂಡ್ ಗಡಿಯ ಹುವಾಯ್ ಸಾಯ್‌ನಿಂದ ನಡುವೆ ಪಾಕ್ ಬೆಂಗ್‌ನಲ್ಲಿ ರಾತ್ರಿ ತಂಗಿ, ಎರಡು ದಿನ ದೋಣಿಯಲ್ಲಿ ಕುಳಿತು ಅಲ್ಲಿಗೆ ಇಳಿಯುವುದಿದೆಯಲ್ಲ, ಅದು ಬೇರೆಯೇ ಪ್ರವಾಸ. ಮುಂದೊಮ್ಮೆ ಉತ್ತರ ಥಾಯ್ಲೆಂಡ್ ಜೊತೆ ಸೇರಿಸಿಕೊಳ್ಳಿ, ಆದರೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಬೇಡ. ಗದ್ದೆ, ಕಾಡುಗಳಿಗೆ ಬೆಂಕಿ ಹಚ್ಚುವ ಕಾಲವಾದ್ದರಿಂದ ಹೊಗೆಯಲ್ಲಿ ನದಿಯ ಆಚೆ ದಡವೇ ಮಸುಕಾಗುತ್ತದೆ.

ಉತ್ತರ: ಮಜ್ಜಿಗೆಹುಳಿ

ಮೇಲಿನ ಇಬ್ಬರೂ ತಿಳಿದವರು. ಆದರೂ ಗುಂಪು ಪ್ರವಾಸವೆಂದರೆ ಮೂಗು ಮುರಿಯುವುದನ್ನು ನಾನು ಒಪ್ಪುವುದಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವಾಗ ಸಾಮಾನು ಹೊರುವವರು, ವಾಹನ ಬಾಗಿಲಿಗೇ ಬರುವುದು, ರಾತ್ರಿ ಹೊಟ್ಟೆ ಕೆಟ್ಟರೆ ಫೋನೆತ್ತುವವರೊಬ್ಬರು ಇರುವುದು, ಇವೆಲ್ಲ ಸಣ್ಣ ಸಂಗತಿಗಳಲ್ಲ. ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಸಂಸ್ಥೆಗಳೂ ನಮ್ಮಲ್ಲಿವೆ. ನಿಮ್ಮ ಅಕ್ಕನವರಿಗೆ ಅದು ದೇವರು ಕೊಟ್ಟ ವರದಂತೆ.

ಊಟದ ವಿಷಯದಲ್ಲಿ ನೆನಪಿಡಬೇಕಾದದ್ದು ಇಷ್ಟು. ತರಕಾರಿಯ ಪಲ್ಯವೆಂದು ಕಂಡದ್ದರಲ್ಲೂ ಮೀನಿನ ಸಾಸ್ ಇರುತ್ತದೆ, ಮಾಂಸ ಬೇಡವೆಂದರೆ ಸಾಲದು. ಥಾಯ್ಲೆಂಡ್‌ನಲ್ಲಿ ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದ ‘ಜೇ’ ಗುರುತು ಹಾಕಿದ ಅಂಗಡಿಗಳಲ್ಲಿ ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ವಿಯೆಟ್ನಾಂನಲ್ಲಿ ‘ಚಾಯ್’ ಎಂದು ಬರೆದಿರುವ ಸಸ್ಯಾಹಾರಿ ಹೋಟೆಲುಗಳು ಸಾಕಷ್ಟಿವೆ; ಚಾಂದ್ರಮಾನ ತಿಂಗಳ ಒಂದನೆಯ ಮತ್ತು ಹದಿನೈದನೆಯ ದಿನ ಅಲ್ಲಿನ ಬೌದ್ಧರಲ್ಲಿ ಅನೇಕರು ಮಾಂಸ ಬಿಡುವುದರಿಂದ ಅಂದು ಇನ್ನೂ ಸುಲಭ. ಕಾಂಬೋಡಿಯಾದಲ್ಲಿ ಮಾತ್ರ ಅವಲಕ್ಕಿ, ಚಟ್ನಿಪುಡಿ ಕೈಯಲ್ಲಿರಲಿ.

ನಿಮ್ಮ ಪಟ್ಟಿಯಲ್ಲಿ ನನಗೆ ಭಯ ಹುಟ್ಟಿಸಿದ್ದು ಬ್ಯಾಂಕಾಕ್‌ನಿಂದ ಸಿಯೆಮ್ ರೀಪ್‌ಗೆ ಬಸ್ ಎಂಬ ಸಾಲು. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಗಡಿ ಸಂಘರ್ಷ ನಡೆದು ಭೂಮಾರ್ಗದ ಗಡಿದ್ವಾರಗಳನ್ನು ಮುಚ್ಚಿದ್ದರು. ಆ ಸಾಲು ಹಳೆಯ ಕಾರ್ಯಕ್ರಮದಿಂದ ಹಾಗೆಯೇ ನಕಲಾಗಿ ಬಂದಿರುವ ಸಾಧ್ಯತೆ ಇದೆ. ಮುಂಗಡ ಕಟ್ಟುವ ಮೊದಲು ಇವತ್ತಿನ ಸ್ಥಿತಿಯನ್ನು ಲಿಖಿತವಾಗಿ ಕೇಳಿ, ವಿಮಾನಕ್ಕೆ ಬದಲಿಸಿದರೆ ಯಾರು ಹಣ ಭರಿಸುತ್ತಾರೆ ಎಂಬುದನ್ನೂ ಕೇಳಿ. ಸಿಯೆಮ್ ರೀಪ್‌ನ ಹೊಸ ವಿಮಾನ ನಿಲ್ದಾಣ 2023ರಲ್ಲಿ ಆರಂಭವಾದದ್ದು, ಊರಿನಿಂದ ಬಹಳ ದೂರದಲ್ಲಿದೆ. ಇಳಿದ ದಿನವೇ ದೇವಾಲಯ ನೋಡಿಸುತ್ತೇವೆ ಎಂದರೆ ನಂಬಬೇಡಿ. ವಿಯೆಟ್ನಾಂನ ಇ-ವೀಸಾದಲ್ಲಿ ಯಾವ ದ್ವಾರದಿಂದ ಒಳಬರುತ್ತೀರಿ ಎಂಬುದನ್ನು ಮೊದಲೇ ನಮೂದಿಸಬೇಕು. ಥಾಯ್ಲೆಂಡ್‌ಗೆ ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಆಗಮನ ಪತ್ರ ತುಂಬಬೇಕು. ಪ್ಯಾಕೇಜಿನ ಮೇಲೆ ಸಂಸ್ಥೆಯವರು ಸಂಗ್ರಹಿಸುವ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಮೊತ್ತವನ್ನು ನಿಮ್ಮ ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ರಸೀದಿ ಇಟ್ಟುಕೊಳ್ಳಿ. ಇನ್ನು ಬೆಲೆ ತೀರಾ ಕಡಿಮೆ ಇದ್ದರೆ, ರತ್ನ, ರೇಷ್ಮೆ, ಔಷಧಿಯ ಅಂಗಡಿಗಳಲ್ಲಿ ನಿಮ್ಮ ಹೊತ್ತನ್ನು ಮಾರಿ ಆ ಕಡಿತವನ್ನು ತುಂಬಿಕೊಳ್ಳುತ್ತಾರೆಂದು ತಿಳಿಯಿರಿ.

ಮರುಪ್ರಶ್ನೆ: ತುಂಗಾತೀರ

ಮೂವರಿಗೂ ಧನ್ಯವಾದಗಳು. ಸಂಸ್ಥೆಯವರಿಗೆ ಫೋನು ಮಾಡಿದೆ. ಬಸ್ಸಿನ ಸಾಲನ್ನು ತೆಗೆಯುತ್ತೇವೆ ಎಂದರು. ಗಂಟೆಗಳ ಲೆಕ್ಕವನ್ನು ಮಾತ್ರ ಬರೆದುಕೊಡಲು ಹಿಂಜರಿದರು. ಥಾಯ್ಲೆಂಡ್, ಲಾವೋಸ್ ಎರಡನ್ನೂ ಬಿಟ್ಟು, ಕಾಂಬೋಡಿಯಾ ಮತ್ತು ದಕ್ಷಿಣ ವಿಯೆಟ್ನಾಂ ಎರಡನ್ನೇ ಇಟ್ಟುಕೊಂಡರೆ ಗುಂಪಿನ ಅನುಕೂಲವನ್ನೂ ಉಳಿಸಿಕೊಳ್ಳಲು ದಾರಿಯಿದೆಯೇ? ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಅಕ್ಕ ಹತ್ತಬಲ್ಲರೇ?

ಉತ್ತರ: ಜಂಬಿಟ್ಟಿಗೆ

ದಾರಿಯಿದೆ. ಮೂವರಿಗೆ ಪ್ರತ್ಯೇಕ ವಾಹನ ಮತ್ತು ಗೈಡ್ ಕೊಡುವ ಖಾಸಗಿ ಪ್ಯಾಕೇಜ್ ಕೇಳಿ. ಎರಡು ದೇಶಗಳ ವಿಮಾನ ಖರ್ಚು ಉಳಿಯುವುದರಿಂದ ವ್ಯತ್ಯಾಸ ನೀವು ಅಂದುಕೊಂಡಷ್ಟು ಇರಲಾರದು. ಸಿಯೆಮ್ ರೀಪ್‌ನಲ್ಲಿ ನಾಲ್ಕು ರಾತ್ರಿ, ನಾಮ್ ಪೆನ್‌ನಲ್ಲಿ ಒಂದೆರಡು, ಅಲ್ಲಿಂದ ಮೆಕಾಂಗ್‌ನಲ್ಲೇ ವೇಗದ ದೋಣಿಯಲ್ಲಿ ವಿಯೆಟ್ನಾಂನ ಚೌ ದೊಕ್, ಆಮೇಲೆ ಕಾನ್ ತೋ. ದೋಣಿಯ ಗಡಿದ್ವಾರವನ್ನೇ ವೀಸಾ ಅರ್ಜಿಯಲ್ಲಿ ಹಾಕಿಸುವುದನ್ನು ಮರೆಯಬೇಡಿ. ಒಂದೆರಡು ದಿನ ಮಿಕ್ಕರೆ ಮಧ್ಯ ವಿಯೆಟ್ನಾಂನ ದಾ ನಾಂಗ್‌ಗೆ ಹಾರಿ ಮಿ ಸೊನ್ ನೋಡಿ. ಅಲ್ಲಿನ ಹಳೆಯ ಚಂಪಾ ರಾಜ್ಯದ ಅರಸರು ಕಟ್ಟಿಸಿದ ಆ ಇಟ್ಟಿಗೆಯ ಶಿವಾಲಯಗಳು 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಬಹಳ ನಾಶವಾದವು. ಉಳಿದವನ್ನು ದುರಸ್ತಿ ಮಾಡುತ್ತಿದ್ದಾಗ, 2020ರಲ್ಲಿ, ನಮ್ಮ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ತಂಡಕ್ಕೆ ಮಣ್ಣಿನಡಿಯಲ್ಲಿ ಅಖಂಡ ಮರಳುಗಲ್ಲಿನ ಶಿವಲಿಂಗ ಸಿಕ್ಕಿತು.

ಅಂಕೋರ್ ವಾಟ್‌ನ ಮೇಲಿನ ಅಂತಸ್ತಿಗೆ ಹಳೆಯ ಕಲ್ಲುಮೆಟ್ಟಿಲ ಮೇಲೆ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ಆದರೂ ಏಣಿಯಷ್ಟೇ ಕಡಿದು, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮಂಡಿ ನೋವಿದ್ದರೆ ಬೇಡ. ನೀವು ಹತ್ತಿಬರುವಷ್ಟರಲ್ಲಿ ಅಕ್ಕನವರು ಕೆಳಗೆ ಮೊಗಸಾಲೆಯ ನೆರಳಿನಲ್ಲಿ ಉಬ್ಬುಶಿಲ್ಪ ನೋಡುತ್ತಿರಲಿ, ಅವರಿಗೇನೂ ನಷ್ಟವಿಲ್ಲ. ಹತ್ತುವವರ ಭುಜ, ಮಂಡಿ ಮುಚ್ಚಿರಬೇಕು, ಮೇಲೆ ಶಾಲು ಹೊದ್ದರೆ ಒಪ್ಪುವುದಿಲ್ಲ, ತೋಳಿರುವ ಅಂಗಿಯೇ ಬೇಕು. ಬೌದ್ಧರ ಪರ್ವದಿನಗಳಲ್ಲಿ ಆ ಅಂತಸ್ತನ್ನು ಮುಚ್ಚಿರುತ್ತಾರೆ. ಅವು ಹೆಚ್ಚುಕಡಿಮೆ ನಮ್ಮ ಅಷ್ಟಮಿ, ಹುಣ್ಣಿಮೆ, ಅಮಾವಾಸ್ಯೆಗಳೇ ಆದ್ದರಿಂದ, ದಿನ ಗೊತ್ತುಮಾಡುವ ಮುನ್ನ ಮನೆಯ ಪಂಚಾಂಗವನ್ನೊಮ್ಮೆ ತಿರುವಿಹಾಕಿ, ಆಮೇಲೆ ಗೈಡ್ ಹತ್ತಿರ ಖಚಿತಪಡಿಸಿಕೊಳ್ಳಿ.