1914: ಒಂದು ಕೊಲೆಗೆ ಇಡೀ ಯೂರೋಪ್ ಯಾಕೆ ಹೊತ್ತಿ ಉರಿಯಿತು?

ಕಾಫಿಪುಡಿ:
ಜೂನ್ 28ಕ್ಕೆ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಝ್ ಫರ್ಡಿನಾಂಡ್ ಕೊಲೆ ಆಯಿತು. ಆಗಸ್ಟ್ 4ಕ್ಕೆ ಬ್ರಿಟನ್ ಕೂಡ ಯುದ್ಧಕ್ಕೆ ಇಳಿದಿತ್ತು. ಕೇಳಿದರೆ ಎಲ್ಲರೂ ‘ಮೈತ್ರಿಕೂಟಗಳಿಂದ’ ಅಂತಾರೆ. ಆದರೆ 1911ರ ಮೊರಾಕೊ ಗಲಾಟೆಯಲ್ಲೂ, 1912-13ರ ಬಾಲ್ಕನ್ ಯುದ್ಧಗಳಲ್ಲೂ ಇದೇ ಕೂಟಗಳು ಇದ್ದವಲ್ಲ? ಆಗ ಯಾಕೆ ಹೀಗಾಗಲಿಲ್ಲ?

ಘಟ್ಟದ ಕೆಳಗೆ:
ಕೊಲೆಯ ಹಿಂದೆ ಸರ್ಬಿಯಾದ ಕೈವಾಡ ಇದೆ ಅಂತ ಆಸ್ಟ್ರಿಯಾ ಅದರ ಮೇಲೆ ಬಿತ್ತು. ಸರ್ಬಿಯಾಗೆ ರಷ್ಯಾ, ರಷ್ಯಾಗೆ ಫ್ರಾನ್ಸ್, ಆಸ್ಟ್ರಿಯಾಗೆ ಜರ್ಮನಿ. ಕೊಟ್ಟ ಮಾತಿಗೆ ಕಟ್ಟುಬಿದ್ದರು, ಅಷ್ಟೇ.

ಲೂಪ್‌ಲೈನ್:
ಅಷ್ಟೇ ಅಲ್ಲ ಸ್ವಾಮಿ. ಸರ್ಬಿಯಾವನ್ನು ಕಾಯಲೇಬೇಕು ಅನ್ನುವ ಒಪ್ಪಂದ ರಷ್ಯಾಗೆ ಇರಲೇ ಇಲ್ಲ. ಇಟಲಿ ಜರ್ಮನಿಯ ಕೂಟದಲ್ಲೇ ಇತ್ತು, ಆದರೂ ಆಗ ತಟಸ್ಥವಾಗಿ ಉಳಿಯಿತು. 1915ರಲ್ಲಿ ಎದುರು ಪಾಳಯಕ್ಕೇ ಹೋಯಿತು!

ಬಾಲ್ಕನ್ ಗಲಾಟೆಯ ಹೊತ್ತಿಗೆ ಲಂಡನ್ನಿನಲ್ಲಿ ರಾಯಭಾರಿಗಳು ಕೂತು ಮಾತಾಡಿದರು. ಜರ್ಮನಿಯೂ ಆಸ್ಟ್ರಿಯಾವನ್ನು ತಡೆದು ಹಿಡಿದಿತ್ತು. 1914ರ ಜುಲೈ 5ಕ್ಕೆ ಮಾತ್ರ ಏನೇ ಮಾಡಿದರೂ ಬೆನ್ನಿಗೆ ನಾವಿದ್ದೇವೆ ಅಂತ ಜರ್ಮನಿಯ ದೊರೆ ಕೈಸರ್ ಮಾತು ಕೊಟ್ಟುಬಿಟ್ಟ. ಬ್ರಿಟನ್ನಿನ ವಿದೇಶಾಂಗ ಮಂತ್ರಿ ಗ್ರೇ ಮತ್ತೆ ಮಾತುಕತೆಗೆ ಕರೆದಾಗ ಜರ್ಮನಿ ಒಪ್ಪಲಿಲ್ಲ.

ಆಮೇಲೆ ಬಂದದ್ದು ಗಡುವುಗಳ ಕಾಟ. ಜುಲೈ 23ರ ಸಂಜೆ 6ಕ್ಕೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿಗೆ ಆಸ್ಟ್ರಿಯಾದ ಷರತ್ತುಗಳ ಪತ್ರ ಹೋಯಿತು, 48 ಗಂಟೆಯಲ್ಲಿ ಉತ್ತರ ಕೊಡಿ ಅಂತ. ಫ್ರಾನ್ಸ್ ಅಧ್ಯಕ್ಷ ಪ್ವಾಂಕಾರೆ ರಷ್ಯಾದಿಂದ ಹೊರಡುವ ತನಕ ಬೇಕಂತಲೇ ಕಾದು ಕೊಟ್ಟದ್ದು. ಸರ್ಬಿಯಾದ ಪ್ರಧಾನಿ ಪಾಶಿಚ್ ಗಡುವು ಮುಗಿಯುವ ಮುಂಚೆ ತಾನೇ ಉತ್ತರ ತಗೊಂಡು ಹೋದ. ಆಸ್ಟ್ರಿಯಾದ ರಾಯಭಾರಿ ಗೀಸಲ್ ಅದರ ಮೇಲೆ ಕಣ್ಣಾಡಿಸಿದ, ಸಾಲದು ಅಂದ, ಆರೂವರೆ ರೈಲು ಹತ್ತಿದ. ಜುಲೈ 28ಕ್ಕೆ ಅದೇ ಉತ್ತರ ಓದಿದ ಕೈಸರ್, ಇನ್ನು ಯುದ್ಧಕ್ಕೆ ಕಾರಣವೇ ಇಲ್ಲ ಅಂತ ಬರೆದ. ಆಸ್ಟ್ರಿಯಾ ಟೆಲಿಗ್ರಾಂ ಕಳಿಸಿ ಯುದ್ಧ ಸಾರಿದ್ದೂ ಅವತ್ತೇ.

ನಾನು ರೈಲ್ವೆ ಕಂಟ್ರೋಲಿನಲ್ಲಿ ಕೆಲಸ ಮಾಡಿದವನು, ಅದಕ್ಕೇ ಈ ಭಾಗ ನನಗೆ ಜಾಸ್ತಿ ಹಿಡಿಸುತ್ತದೆ. ರಷ್ಯಾದ ಜಾರ್ ಇಡೀ ಸೈನ್ಯವನ್ನು ಸೇರಿಸುವ ಆದೇಶವನ್ನು ಜುಲೈ 29ರ ರಾತ್ರಿ ವಾಪಸ್ ತಗೊಂಡ. ಆಸ್ಟ್ರಿಯಾ ಕಡೆಗಷ್ಟೇ ಸೈನ್ಯ ಸೇರಿಸಿದರೆ ಆಮೇಲೆ ಪೂರ್ತಿ ಯೋಜನೆಯೇ ಕೆಡುತ್ತದೆ ಅನ್ನುವುದು ಸೇನೆಯವರ ಹಟ. ಮರುದಿನ ಮಧ್ಯಾಹ್ನ ವಿದೇಶಾಂಗ ಮಂತ್ರಿ ಸಾಜೊನೊವ್ ಮತ್ತೆ ಒಪ್ಪಿಸಿದ. ಆಗಸ್ಟ್ 1ಕ್ಕೆ ಬರ್ಲಿನ್ನಿನಲ್ಲೂ ಅದೇ ಕಥೆ. ಫ್ರಾನ್ಸ್ ಬೇಡ, ಎಲ್ಲ ಸೈನ್ಯ ಪೂರ್ವಕ್ಕೆ, ರಷ್ಯಾ ಕಡೆಗೆ ತಿರುಗಿಸಿ ಅಂದ ಕೈಸರ್. ಸೇನಾ ಮುಖ್ಯಸ್ಥ ಮೋಲ್ಟ್ಕೆ ಆಗಲ್ಲ ಅಂದ. ಸೈನ್ಯ ಸಾಗಿಸುವ ಲೆಕ್ಕದಲ್ಲಿದ್ದದ್ದು ಸುಮಾರು 11,000 ರೈಲು.

ಕಾಫಿಪುಡಿ:
ನಿಜಕ್ಕೂ ಆಗುತ್ತಿರಲಿಲ್ವಾ ಸರ್? ಅಥವಾ ಸುಮ್ನೆ ನೆಪನಾ?

ಲೂಪ್‌ಲೈನ್:
ಆಗುತ್ತಿತ್ತು. ಜರ್ಮನ್ ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದ ಸ್ಟಾಬ್ಸ್ ಯುದ್ಧ ಮುಗಿದ ಮೇಲೆ ಪಟ್ಟಿ ಸಮೇತ ಬರೆದು ತೋರಿಸಿದ. ನನಗೇನೂ ಆಶ್ಚರ್ಯ ಆಗಲಿಲ್ಲ. ಎಷ್ಟೇ ಗಾಡಿ ಸಿಕ್ಕಿಕೊಂಡಿದ್ದರೂ ಒಂದು ದಾರಿ ಇದ್ದೇ ಇರುತ್ತದೆ, ತಡ ಆಗುತ್ತದೆ ಅಷ್ಟೇ. ಆ ತಡಕ್ಕೇ ಅವರು ಹೆದರಿದ್ದು.

ಘಟ್ಟದ ಕೆಳಗೆ:
ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಪ್ಯಾಲೆಸ್ತೀನಿನ ಹೈಫಾದಲ್ಲಿ ಕಾದಿದ್ದು ಟರ್ಕಿ ಮೇಲೆ ಅಲ್ವಾ? ಟರ್ಕಿ ಹೇಗೆ ಸಿಕ್ಕಿಕೊಂಡಿತು?

ಲೂಪ್‌ಲೈನ್:
1914ರ ಆಗಸ್ಟ್ 2ಕ್ಕೆ ಜರ್ಮನಿ ಜೊತೆ ಗುಟ್ಟಾಗಿ ಮೈತ್ರಿ ಒಪ್ಪಂದಕ್ಕೆ ಸಹಿ ಹಾಕಿತ್ತು. ಹೈಫಾ ಬಿದ್ದದ್ದು 1918ರ ಸೆಪ್ಟೆಂಬರ್ 23ಕ್ಕೆ. ಅದಕ್ಕೆ ಬೇರೆ ಪ್ರಶ್ನೆ ಹಾಕಿ, ಬರೆಯೋದು ಬಹಳ ಇದೆ.