ಪದ ಬೇಕಿತ್ತು: ‘ಸಿಟ್-ಇನ್’ಗೆ ‘ಧರಣಿ’ ಅಂದರೆ ಆದೀತೇ?

ಶಾಲಾ ಮಕ್ಕಳ ಪ್ರದರ್ಶನಕ್ಕೆ ಒಂದು ಫಲಕ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಕೊಡಬೇಕು. 1960ರ ಫೆಬ್ರುವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವೂಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಅಲ್ಲಿ ಬಿಳಿಯರಿಗೆ ಮಾತ್ರ ಕೂರಲು ಅವಕಾಶ. ಕಾಫಿ ಬರಲಿಲ್ಲ, ಇವರೂ ಏಳಲಿಲ್ಲ. ಇದಕ್ಕೆ ‘ಧರಣಿ’ ಅಂತ ಬರೆದೆ, ಯಾಕೋ ಮನಸ್ಸು ಒಪ್ಪುತ್ತಿಲ್ಲ.

*

ಧರಣಿಯೇ. ಪೇಪರಿನವರೆಲ್ಲ ಹಾಗೇ ಬರೆಯುತ್ತಾರೆ. ಇದರಲ್ಲಿ ಚರ್ಚೆ ಮಾಡೋಕೆ ಏನಿದೆ?

*

ಇದೆ. ಧರಣಿ ಅಂದರೆ ಭೂಮಿ. ನೆಲದ ಮೇಲೆ ಕೂರುವುದರಿಂದ ಆ ಹೆಸರು. ಅವರು ಸ್ಟೂಲಿನ ಮೇಲೆ ಕೂತಿದ್ದರು. ಆಗುವುದಿಲ್ಲ.

*

> ನೆಲದ ಮೇಲೆ ಕೂರುವುದರಿಂದ ಆ ಹೆಸರು

ಸುಮ್ನೆ ಏನೇನೋ ಹೇಳಬೇಡಿ ಸರ್. ಇದು ಹಿಂದಿಯ ಧರ್ನಾ. ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಊಟ ಬಿಟ್ಟು ಕೂರುತ್ತಿದ್ದ ಹಳೇ ರೂಢಿ ಅದು. ಈಗ ಡಿ.ಸಿ. ಆಫೀಸಿನ ಮುಂದೆ ಕೂರುತ್ತೇವೆ, ಅಷ್ಟೇ ವ್ಯತ್ಯಾಸ. ‘ನೀನು ಕೊಡು’ ಅಂತ ಕೇಳುವುದು ಧರಣಿ.

ಮೇಡಂ, ನಿಮ್ಮ ಮನಸ್ಸು ಒಪ್ಪದೇ ಇರೋದು ಅದಕ್ಕೇ. ಗ್ರೀನ್ಸ್‌ಬರೋದವರು ಬಾಗಿಲಲ್ಲಿ ಕೂರಲಿಲ್ಲ, ಒಳಗೆ ಹೋದರು. ಯಾವುದು ಬೇಡ ಅಂದಿದ್ದರೋ ಅದನ್ನೇ ಮಾಡಿದರು. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಕೆರೆಗೆ ಇಳಿದು ನೀರು ಕುಡಿದರಲ್ಲ, ಹಾಗೆ. 1951ರಲ್ಲಿ ಕಾಗೋಡಿನ ಗೇಣಿದಾರರು ಗದ್ದೆಗೆ ಇಳಿದು ಬಂಧನಕ್ಕೊಳಗಾದರಲ್ಲ, ಹಾಗೆ. ಅವನ್ನೆಲ್ಲ ಧರಣಿ ಅಂತೀವಾ? ಸತ್ಯಾಗ್ರಹ ಅಂತೀವಿ. ಅಮೆರಿಕದಲ್ಲೂ ಇದೇ ಬೇರು. ಗ್ರೀನ್ಸ್‌ಬರೋದ ಅದೇ ತಿಂಗಳು ನ್ಯಾಶ್‌ವಿಲ್ ಊರಿನಲ್ಲೂ ಹುಡುಗರು ಕೂತರು. ಅವರನ್ನು ತಯಾರು ಮಾಡಿದ ಜೇಮ್ಸ್ ಲಾಸನ್ ನಾಗಪುರದಲ್ಲಿದ್ದು ಗಾಂಧಿ ದಾರಿ ಕಲಿತವರು. ಹೊಡೆದರೆ ತಿರುಗಿ ಹೊಡೆಯಬೇಡಿ, ಬೈದರೆ ಬೈಯಬೇಡಿ, ನೆಟ್ಟಗೆ ಕೂರಿ, ಮುಖ ಕೌಂಟರಿನ ಕಡೆಗೇ ಇರಲಿ. ಇವು ಆ ಹುಡುಗರ ನಿಯಮಗಳು. ಇದರಲ್ಲಿ ಧರಣಿಯ ಘೋಷಣೆ, ಮೈಕು ಎಲ್ಲಿದೆ?

*

ಸಂಸ್ಕೃತ ಬಿಟ್ಟು ಉಸಿರಾಡಲು ಬರುವುದಿಲ್ಲವೇ? ಹೋರಾಟ, ಹಾರಾಟ ಇವೆ. ‘ಕೂರಾಟ’ ಅನ್ನಿ. ಅಚ್ಚಗನ್ನಡ.

*

ಕೂರಾಟ ಅಂದರೆ ಮಕ್ಕಳು ಮ್ಯೂಸಿಕಲ್ ಚೇರ್ ಅಂದುಕೊಳ್ಳುತ್ತವೆ.

*

ನಕ್ಕು ಸಾಕಾದ ಮೇಲೆ ಯೋಚಿಸಿ. ಧರಣಿ ಹಿಂದಿಯದು. ಹರತಾಳ ಗುಜರಾತಿನ ಅಂಗಡಿ ಬೀಗ. ಬಂದ್ ನಮ್ಮದಲ್ಲ. ಪ್ರತಿಭಟಿಸಲಿಕ್ಕೂ ಸಾಲ ತರಬೇಕಾ?

*

ಸತ್ಯಾಗ್ರಹವೂ ಆಕಾಶದಿಂದ ಬಿದ್ದಿದ್ದಲ್ಲ ಸ್ವಾಮಿ. ದಕ್ಷಿಣ ಆಫ್ರಿಕಾದಲ್ಲಿ ಗಾಂಧಿ ತಮ್ಮ ಪತ್ರಿಕೆಯಲ್ಲಿ ಬಹುಮಾನ ಇಟ್ಟು ಹೆಸರು ಕೇಳಿದ್ದರು. ಮಗನ್‌ಲಾಲ್ ಗಾಂಧಿ ‘ಸದಾಗ್ರಹ’ ಅಂತ ಕಳಿಸಿದರು, ಗಾಂಧಿ ಅದನ್ನು ತಿದ್ದಿದರು. ಬೇಕು ಅಂತಲೇ ಕಟ್ಟಿದ ಪದ. ಕಟ್ಟಿದ್ದಕ್ಕೇ ಬೇಡವಾದರೆ ನಿಮ್ಮ ಕೂರಾಟವೂ ಬೇಡ.

ಮೇಡಂ, ನಮ್ಮವರು ಹೆಸರಿಟ್ಟ ಬಗೆ ನೋಡಿ. ಉಪ್ಪಿನ ಸತ್ಯಾಗ್ರಹ, ಕೆರೆ ಸತ್ಯಾಗ್ರಹ. ಯಾವುದನ್ನು ಮುಟ್ಟಬಾರದು ಅಂದರೋ ಅದರ ಹೆಸರೇ ಮುಂದೆ ಬರುತ್ತದೆ. ‘ಊಟದ ಕೌಂಟರ್ ಸತ್ಯಾಗ್ರಹ’ ಅಂತ ಬರೆದುಬಿಡಿ.

*

ಹಾಗೇ ಬರೆದೆ. ಚೆನ್ನಾಗಿ ಕೂತಿದೆ. ಜುಲೈ 25ಕ್ಕೆ ಆ ಕೌಂಟರ್ ಎಲ್ಲರಿಗೂ ತೆರೆಯಿತು ಅನ್ನುವ ಸಾಲನ್ನೂ ಸೇರಿಸಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

*

ಕೌಂಟರ್ ಯಾಕೆ? ಗಲ್ಲಾ ಅನ್ನಬಹುದಿತ್ತು.

*

ಗಲ್ಲಾ ದುಡ್ಡಿಡುವ ಜಾಗ. ಕಾಫಿ ಕುಡಿಯುವ ಜಾಗ ಅಲ್ಲ. ಅದು ಅಚ್ಚಗನ್ನಡ ಅಂತ ಯಾರು ಹೇಳಿದರು?